ಅಕ್ಕನ ಸ್ಕೂಲಿನ ದಾರಿ

ನಮ್ಮ ಅಕ್ಕ ಮದುವೆ ಆಗಲಿಲ್ಲ, ಸ್ಕೂಲು ಕಟ್ಟಿದಳು. ಜಗಳೂರಿನ ಕಡೆ ನಮ್ಮ ತವರೂರಿನ ಹೊರಗೆ ಅಪ್ಪ ಅವಳ ಪಾಲಿಗೆ ಬಿಟ್ಟಿದ್ದ ಕೆಂಪು ಹೊಲದ ತುಂಡಿನಲ್ಲಿ, ಶೀಟು ಹೊದಿಸಿದ ಮೂರು ಕೋಣೆ. ಒಂದನೇ ಕ್ಲಾಸಿನಿಂದ ಐದರವರೆಗೆ. ಕುರಿ ಕಾಯುವವರ ಮಕ್ಕಳು, ಕೂಲಿಯವರ ಮಕ್ಕಳು ಎಲ್ಲ ಅಲ್ಲಿಗೇ ಬರುತ್ತಿದ್ದರು. ನಾನು ನ್ಯಾಮತಿಗೆ ಸೊಸೆಯಾಗಿ ಹೋದವಳು, ಬಟ್ಟೆ ಹೊಲಿಯುತ್ತೇನೆ. ಮಕ್ಕಳ ಯೂನಿಫಾರಂ ಹೊಲಿದು ಬಸ್ಸಿಗೆ ಹಾಕಿ ಕಳಿಸುತ್ತಿದ್ದೆ, ಹೊಲಿಗೆ ಬಿಟ್ಟಿದೆ ಅಂತ ಅವಳು ಬೈಯುತ್ತಿದ್ದಳು.

ಒಂದು ವರ್ಷ ಪರ್ಮಿಷನ್ ನವೀಕರಣಕ್ಕೆ ಹೋದಾಗ ಕಚೇರಿಯಲ್ಲಿ ಹೇಳಿದರು: ಪಹಣಿಯಲ್ಲಿ ಇನ್ನೂ ಕೃಷಿ ಜಮೀನು ಅಂತಲೇ ಐತೆ, ಕನ್ವರ್ಷನ್ ಮಾಡಿಸಿಕೊಂಡು ಬನ್ನಿ, ಇಲ್ಲದಿದ್ದರೆ ಮುಂದಿನ ವರ್ಷ ಸ್ಕೂಲು ನಡೆಸಾಕೆ ಬರಲ್ಲ. ಅಕ್ಕ ಫೋನಿನಲ್ಲಿ ಅಳುವ ಹಾಗಿದ್ದಳು. ನ್ಯಾಮತಿ ತಾಲೂಕಾದ ಮೇಲೆ ನಮ್ಮ ಸುತ್ತ ಮೆಕ್ಕೆಜೋಳದ ಹೊಲಗಳೆಲ್ಲ ನೋಡನೋಡುತ್ತಲೇ ಸೈಟಾಗಿದ್ದವು. ಅದನ್ನೇ ಕಂಡವಳು ನಾನು, "ಅದೇನು ಮಹಾ ಕೆಲಸ ಬಿಡಕ್ಕ" ಅಂದುಬಿಟ್ಟೆ. ನನ್ನ ತಲೆ.

ತೊಡಕು ಇದ್ದದ್ದು ದಾರಿಯದು. ಸ್ಕೂಲಿಗೂ ರಸ್ತೆಗೂ ನಡುವೆ ದೊಡ್ಡಪ್ಪನ ಹೊಲ, ಅಂದರೆ ಅಪ್ಪನ ಅಣ್ಣನದು. ಅದರ ಬದುವಿನ ಮೇಲೆ ಬಂಡಿ ದಾರಿ. ನಾವು ಹುಟ್ಟಿದಾಗಿಂದ ಓಡಾಡಿದ ದಾರಿ, ಆದರೆ ಸರ್ವೆ ನಕ್ಷೆಯಲ್ಲಿ ಅದಿಲ್ಲ. ಕನ್ವರ್ಷನ್ ಆಗಬೇಕಾದರೆ ದೊಡ್ಡಪ್ಪ ದಾರಿ ಬಿಟ್ಟಿದ್ದೇನೆ ಅಂತ ಬರೆದು ಕೊಡಬೇಕು. ಅಕ್ಕ ಕೇಳಿದಳು. "ಅದಕ್ಯಾಕೆ ಇಷ್ಟು ಮುಖ ಸಣ್ಣ ಮಾಡ್ಕಂತಿಯವ್ವ? ಕೊಡ್ತೀನಿ, ಅಮಾಸೆ ಒಂದು ಕಳೀಲಿ" ಅಂದ ದೊಡ್ಡಪ್ಪ.

ಅಮಾವಾಸ್ಯೆ ಕಳೆಯುವುದರೊಳಗೆ ಸೋಲಾರಿನವರು ಬಂದರು. ಆ ಸೀಮೆಯನ್ನೆಲ್ಲ ಗುತ್ತಿಗೆಗೆ ಹಿಡಿದು ಪ್ಯಾನೆಲ್ ಹಾಕುತ್ತಾರಂತೆ. ಗುಡಿ ಕಟ್ಟೆ ಮೇಲೆ ಮಾತುಕತೆ ಆಯಿತು. ನಮ್ಮ ಕಡೆ ಹೆಣ್ಣು ಕೊಡುವುದಿರಲಿ, ಎತ್ತು ಮಾರುವುದಿರಲಿ, ಹತ್ತು ಜನರ ಮುಂದೆ ಎಲೆ ಅಡಿಕೆ ಹಿಡಿದರೆ ಮುಗಿಯಿತು, ಆಮೇಲೆ ಹಿಂದೆ ಸರಿಯುವ ಮಾತಿಲ್ಲ. ಹೊಲ ಪೂರಾ ಕೊಟ್ಟೆ ಅಂತ ದೊಡ್ಡಪ್ಪ ಸೋಲಾರಿನವರ ಮ್ಯಾನೇಜರಿಗೆ ಎಲೆ ಅಡಿಕೆ ಕೊಟ್ಟ, ಅವನ ಕೈಯಿಂದಲೂ ಇಸಿದುಕೊಂಡ. ಬಂಡಿ ದಾರಿಯೂ ಆ ಹೊಲದೊಳಗೇ ಐತೆ ಅನ್ನುವುದು ಆ ಹೊತ್ತಿನಲ್ಲಿ ಅವನ ತಲೆಗೇ ಬರಲಿಲ್ಲ. ದಾರಿ ಅಂದರೆ ದಾರಿ, ಅದು ಯಾರ ಹೊಲ ಅಂತ ಯಾರು ಯೋಚನೆ ಮಾಡುತ್ತಾರೆ? ಮ್ಯಾನೇಜರು ಯಾವ ಊರಿನವನೋ, ಅಡಿಕೆ ಬಾಯಿಗೆ ಹಾಕಿಕೊಂಡು ಎಲೆಯನ್ನು ಕಟ್ಟೆ ಮೇಲೇ ಬಿಟ್ಟು ಎದ್ದು ಹೋದನಂತೆ.

ಸೋಲಾರಿನವರು ಬೇಲಿಗೆ ಗುರುತು ಹಾಕಿದ ದಿನ, ದಾರಿಯೂ ಒಳಗೆ ಹೋಯಿತು ಅಂತ ಅಕ್ಕನಿಗೆ ಗೊತ್ತಾಯಿತು. ನಾನು ಮೊದಲನೇ ಬಸ್ಸಿಗೇ ಹೊರಟೆ. ದೊಡ್ಡಪ್ಪ ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕೂತಿದ್ದ.

"ಇನ್ನೂ ಸಹಿ ಆಗಿಲ್ಲ ದೊಡ್ಡಪ್ಪ. ದಾರಿಯಷ್ಟು ಬಿಟ್ಟು ಕೊಡ್ರಿ, ಸಾಕು" ಅಂದಳು ಅಕ್ಕ.

"ಪೂರಾ ಹೊಲ ಅಂತ ಎಲೆ ಅಡಿಕೆ ಹಿಡಿದೀನಿ ಕಣವ್ವ. ಈಗ ಅಷ್ಟು ಬಿಟ್ಟು ಇಷ್ಟು ತಗೊಳ್ರಿ ಅಂತ ಹೆಂಗೆ ಹೇಳಾಕಾಗ್ತೈತೆ?"

ನನಗೆ ತಡೆಯಲಿಲ್ಲ. "ಆ ಮನುಷ್ಯ ಎಲೆನ ಕಟ್ಟೆ ಮೇಲೇ ಬಿಟ್ಟು ಹೋದ್ನಂತೆ, ಊರೆಲ್ಲ ನೋಡೈತೆ, ನೀವು ನೋಡ್ಲಿಲ್ಲೇನು?"

"ಅವನು ಬಿಟ್ಟ. ನಾನು ಹಿಡಿದೀನಲ್ಲ."

ಆಡಿದ ಮಾತು ಒಡೆದ ಮುತ್ತು ಅಂತ ನಮಗೆ ಚಿಕ್ಕಂದಿನಲ್ಲಿ ಕಲಿಸಿದವನೇ ಅವನು. ಅಕ್ಕನಿಗೆ ಆಡಿದ ಮಾತಿಗೆ ಮಾತ್ರ ಎಲೆ ಅಡಿಕೆ ಇರಲಿಲ್ಲ. ನಾನು ಅವತ್ತೇ ಮ್ಯಾನೇಜರ್ ಹತ್ತಿರ ಹೋದೆ. ಪಾಪ, ಮರ್ಯಾದಸ್ತ. ಕುರ್ಚಿ ಹಾಕಿಸಿ, ಟೀ ತರಿಸಿ, "ಯಜಮಾನರು ಬಂದು ಒಂದು ಮಾತು ಹೇಳಿದರೆ ನಕ್ಷೆ ಬದಲಿಸ್ತೀವಿ ಮೇಡಂ, ಅದೇನು ಕಷ್ಟ" ಅಂದ. ವಾಪಸ್ ಬಂದು ಹೇಳಿದೆ, ಕೈ ಮುಗಿದೆ, ಬೈದೆ. ದೊಡ್ಡಪ್ಪ ಕದಲಲಿಲ್ಲ. ಅವತ್ತು ನನಗೆ ಅವನ ಮುಖ ನೋಡುವುದಕ್ಕೂ ಹೇಸಿಗೆ ಆಯಿತು. ಅಕ್ಕ ಮಾತ್ರ, "ಬಾರೆ ಹೋಗಾನ, ಅವರಿಗೆ ಬಿಪಿ ಐತೆ" ಅಂತ ನನ್ನ ಕೈ ಹಿಡಿದು ಎಳೆದಳು. ಇವಳೊಬ್ಬಳು.

ಸರ್ವೆಯವರು ಬಂದು ನೋಡಿ ಹೋದರು. ಜಮೀನಿಗೆ ದಾರಿ ಇಲ್ಲ ಅಂತ ಕನ್ವರ್ಷನ್ ಅರ್ಜಿ ವಾಪಸ್ ಬಂತು. ಅವರ ತಪ್ಪೇನಿಲ್ಲ, ಕಾಗದದ ಮೇಲೆ ಇಲ್ಲದ್ದನ್ನು ಅವರಾದರೂ ಎಲ್ಲಿಂದ ತರುತ್ತಾರೆ? ವಾರ್ಷಿಕ ಪರೀಕ್ಷೆ ಮುಗಿಸಿ ಅಕ್ಕ ಬೀಗ ಹಾಕಿದಳು. ಅನುಕೂಲ ಇದ್ದವರ ಮಕ್ಕಳು ವ್ಯಾನು ಹತ್ತಿ ಜಗಳೂರಿಗೆ ಹೋದರು. ಕೆಲವು ಹುಡುಗಿಯರು ಕುರಿ ಹಿಂದೆ ಹೋದರು. ಅಕ್ಕ ಜಗಳೂರಿನಲ್ಲಿ ಬೇರೆಯವರ ಸ್ಕೂಲಿನಲ್ಲಿ ಟೀಚರ್ ಆಗಿ ಸೇರಿಕೊಂಡಳು, ಊರಿಂದಲೇ ದಿನಾ ಬಸ್ಸಿಗೆ ಓಡಾಡುತ್ತಾಳೆ. ಅಲ್ಲಿ ಬಣ್ಣದ ಗೋಡೆ, ಫ್ಯಾನು, ಎಲ್ಲ ಐತೆ ಅನ್ನುತ್ತಾಳೆ. ಮಕ್ಕಳ ಸುದ್ದಿ ಮಾತ್ರ ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.

ದೊಡ್ಡಪ್ಪ ಆ ವರ್ಷ ಹೊಲ ಬಿತ್ತಲಿಲ್ಲ. ಬೇರೆಯವರಿಗೆ ಕೊಟ್ಟ ಹೊಲಕ್ಕೆ ನೇಗಿಲು ಹೂಡುವುದು ಹೆಂಗೆ ಅಂತ ಬೀಳು ಬಿಟ್ಟುಕೊಂಡು ಕಾದ. ಮುಂಗಾರು ಹೋಯಿತು, ಹಿಂಗಾರೂ ಹೋಯಿತು. ಕೊನೆಗೆ ಸೋಲಾರಿನವರು ಪ್ಯಾನೆಲಿನ ಲೈನು ಊರಾಚೆ ಗುಡ್ಡದ ಆ ಮಗ್ಗುಲಿಗೆ ತಿರುಗಿಸಿಕೊಂಡರು. ದೊಡ್ಡಪ್ಪನೇ ಕೇಳುವುದಕ್ಕೆ ಹೋದ. "ಈ ತುಂಡು ನಮಗೆ ಬೇಡ ಯಜಮಾನ್ರೇ" ಅಂದನಂತೆ ಅದೇ ಮ್ಯಾನೇಜರು. ಮಾತಾಗಿತ್ತಲ್ರಿ ಅಂದರೆ, "ಅಗ್ರಿಮೆಂಟ್ ಏನೂ ಆಗಿರಲಿಲ್ವಲ್ಲ" ಅಂದನಂತೆ. ನಕ್ಕು ಹೇಳಲಿಲ್ಲ, ಅಷ್ಟು ಸಮಾಧಾನ.

ಮಾರನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಅಕ್ಕನ ಮನೆಗೆ ಬಂದ. ನಾನೂ ತವರಲ್ಲೇ ಇದ್ದೆ. ಬಾ ಅನ್ನಲಿಲ್ಲ, ಅಷ್ಟು ಸಿಟ್ಟು ಇನ್ನೂ ಇತ್ತು. ಅವನು ಹೊಸ್ತಿಲ ಹೊರಗೇ ನಿಂತು, ಮಡಿಸಿದ ಕಾಗದ ಅಕ್ಕನ ಕಡೆ ಚಾಚಿದ.

"ದಾರಿ ಬಿಟ್ಟೀನಿ ಅಂತ ಬರೆಸ್ಕೊಂಡು ಬಂದೀನಿ. ಸ್ಕೂಲಿನ ಬೀಗ ತಗಿಯವ್ವ."

ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಾಕೆ ಬಂದಿರೇನು ಅಂತ ಕೇಳುವುದಕ್ಕೆ ಬಾಯಿ ತೆರೆದೆ. ಅಕ್ಕ ಕಣ್ಣಲ್ಲೇ ಗದರಿದಳು. ಕಾಗದ ಇಸಿದುಕೊಂಡು ಪೂರಾ ಓದಿದಳು. ಮತ್ತೆ ಮಡಿಸಿದಳು.

"ಯಾರಿಗೆ ತಗೀಲಿ ದೊಡ್ಡಪ್ಪ?" ಅಂದಳು. ಮೆತ್ತಗೇ ಅಂದಳು.

ಅಕ್ಕ ಅವನಿಗೆ ಚಾ ಕೊಡು ಅಂತ ನನಗೆ ಹೇಳಿ, ಚಪ್ಪಲಿ ಮೆಟ್ಟಿಕೊಂಡು ಜಗಳೂರಿನ ಬಸ್ಸಿಗೆ ಹೋದಳು.