ಅಣಬೆ ಸಾರಿಗೊಂದು ಸರ್ಟಿಫಿಕೇಟ್

“ಇವಳು ಎಮ್ಮೆಸ್ಸಿ ಮಾಡ್ತಾಳಾ? ಆಗದ ಮಾತು ಬುಡಕ್ಕ” ಎಂದು ನಮ್ಮಮ್ಮನಿಗೆ ಹೇಳಿದ್ದವರು ಅಮ್ಮನ ತಮ್ಮ, ನಿಂಗರಾಜು ಮಾವ. ಅವರದೂ ತಪ್ಪಲ್ಲ ಬಿಡಿ. ನಮ್ಮ ಮನೆತನದಲ್ಲಿ ಅಲ್ಲಿಯವರೆಗೆ ಯಾರೂ ಪಿಯುಸಿ ದಾಟಿರಲಿಲ್ಲ. ನಾನು ಎಮ್ಮೆಸ್ಸಿಯನ್ನೇ ಮುಗಿಸಿದೆ. ಅದೂ ಕೆಮಿಸ್ಟ್ರಿಯಲ್ಲಿ. (ಎರಡು ಪೇಪರ್ ಉಳಿಸಿಕೊಂಡು, ಆಮೇಲೆ ಕಟ್ಟಿ. ಮುಚ್ಚಿಡುವುದೇನಿದೆ?)

ಈಗ ಲ್ಯಾಬೊಂದರಲ್ಲಿ ಕೆಲಸ. ಅಣಬೆಯಲ್ಲಿ ಭ್ರಮೆ ಹುಟ್ಟಿಸುವ ಅಂಶ ಇದೆಯೇ, ಇದ್ದರೆ ಎಷ್ಟು ಎಂದು ಅಳೆಯುತ್ತೇನೆ.

“ಅದ್ಕೆ ಓದ್ಬೇಕಾ? ಕಣ್ಣಲ್ಲಿ ನೋಡುದ್ರೆ ಗೊತ್ತಾಯ್ತದೆ” ಎನ್ನುತ್ತಿದ್ದ ಮಾವ ಕಳೆದ ಸೋಮವಾರ ಬೆಳಿಗ್ಗೆ ಲ್ಯಾಬಿನ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಟಿಫನ್ ಕ್ಯಾರಿಯರ್. ಮುಖ ಬಿಳಿಚಿಕೊಂಡಿತ್ತು.

ಆಗಿದ್ದಿಷ್ಟು. ಭಾನುವಾರ ಮಾವನ ಮಗಳು ಕಾವ್ಯಳನ್ನು ನೋಡಲು ಸಿದ್ಧಾರ್ಥನಗರದಿಂದ ಗಂಡಿನ ಕಡೆಯವರು ಬಂದಿದ್ದರು. ಹುಡುಗ, ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಮಾವ ಊರಿನ ಹೊಲದಿಂದ ಅಣಬೆ ತರಿಸಿ ಸಾರು ಮಾಡಿಸಿದ್ದರು. ಊಟದ ಮಧ್ಯೆ ಮಾವ ತಾವು ಸ್ಕೂಟರ್ ಕಲಿತ ಕಥೆ ಹೇಳುತ್ತಿದ್ದಾಗ ಹುಡುಗನ ತಂದೆ, ರಿಟೈರಾದ ಗಣಿತ ಮೇಷ್ಟ್ರು, ನಕ್ಕುಬಿಟ್ಟರು. ಸಣ್ಣ ನಗುವಲ್ಲ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು.

ಅವರ ಹೆಂಡತಿಗೆ ಗಾಬರಿ. “ನಮ್ಮೆಜಮಾನ್ರು ನಗೋರೇ ಅಲ್ಲ ಕಣ್ರೀ! ಏನ್ ಹಾಕಿದ್ರಿ ಸಾರಿಗೆ?” ಯಾರೋ ಮೊಬೈಲಿನಲ್ಲಿ ಮತ್ತೇರಿಸುವ ಅಣಬೆಯ ವಿಡಿಯೋ ಬೇರೆ ತೋರಿಸಿದರು. ಮುಗಿಯಿತಲ್ಲ! ಪರೀಕ್ಷೆ ಮಾಡಿಸಿ ಸರ್ಟಿಫಿಕೇಟ್ ಕೊಟ್ಟರೆ ಸಂಬಂಧ, ಇಲ್ಲದಿದ್ದರೆ ಇಲ್ಲ.

ಗಂಡಸು ದಿನಾ ಸಿಡುಕಿದರೆ ಯಾರೂ ಸಾರನ್ನು ಅನುಮಾನಿಸುವುದಿಲ್ಲ. ಒಂದು ದಿನ ನಕ್ಕರೆ ಲ್ಯಾಬಿಗೆ ಕಳಿಸಬೇಕೇ?

“ಅವ್ವಾ, ಏನೂ ಇಲ್ಲ ಅಂತ ಬರ್ಕೊಟ್ಬುಡು. ನಿಂಗೊಂದು ಸೀರೆ ಕೊಡುಸ್ತೀನಿ.”

“ಅಳೀದೆ ಬರೆಯಲ್ಲ ಮಾವ. ಇದ್ರೆ ಇದೆ ಅಂತಾನೇ ಬರೀತೀನಿ. ಸಾರು ಯಾಕ್ ತಂದ್ರಿ? ಮಸಾಲೆ ಅಡ್ಡ ಬರುತ್ತೆ. ಹಸಿ ಅಣಬೆ ಉಳಿದಿಲ್ವಾ?”

“ಫ್ರಿಜ್ಜಲ್ಲದೆ ಕಣವ್ವ” ಎಂದವರೇ ಕುವೆಂಪುನಗರದ ತಮ್ಮ ಮನೆಗೆ ಸ್ಕೂಟರ್ ತಿರುಗಿಸಿದರು.

ತಂದದ್ದನ್ನು ಒಣಗಿಸಿ, ಪುಡಿ ಮಾಡಿ, ದ್ರಾವಕದಲ್ಲಿ ನೆನೆಸಿ, ಸೋಸಿದೆ. ಅದರ ಒಂದು ಹನಿ ಮಶೀನಿಗೆ. ಒಳಗಿನ ಸಣ್ಣ ಕೊಳವೆಯಿಂದ ಒಂದೊಂದು ಅಂಶ ಒಂದೊಂದು ಹೊತ್ತಿಗೆ ಹೊರಬರುತ್ತದೆ. ಬಂದಾಗ ಪರದೆಯ ಮೇಲಿನ ಗೆರೆ ಗುಡ್ಡದಂತೆ ಏಳುತ್ತದೆ. ಗುಡ್ಡ ದೊಡ್ಡದಾದಷ್ಟೂ ಅಂಶ ಹೆಚ್ಚು. ಮತ್ತಿನ ಅಂಶ ಯಾವ ನಿಮಿಷಕ್ಕೆ ಬರುತ್ತದೆಂದು ಮೊದಲೇ ಶುದ್ಧ ಮಾದರಿ ಓಡಿಸಿ ನೋಡಿಕೊಂಡಿರುತ್ತೇವೆ.

ಆ ನಿಮಿಷ ಬಂತು. ಕಾವ್ಯಳ ಮುಖ ನೆನಪಾಯಿತು. ಗೆರೆ ಏಳಲಿಲ್ಲ. ಇನ್ನೆರಡು ಸಲ ಓಡಿಸಿದೆ. ಊಹೂಂ, ಮಲಗೇ ಇತ್ತು. ಗಾಜಿನಾಚೆ ಮಾವ ಕೈಮುಗಿದು ನಿಂತಿದ್ದರು. ನನಗಲ್ಲ, ಮಶೀನಿಗೆ.

ಶನಿವಾರ ಸಿದ್ಧಾರ್ಥನಗರಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಸಹಿಯ ಕೆಳಗಿದ್ದ ‘ಎಂ.ಎಸ್ಸಿ.’ ಮೇಲೆ ಬೆರಳಿಟ್ಟು, “ನಮ್ಮಕ್ಕನ ಮಗಳೇ” ಎಂದು ಸರ್ಟಿಫಿಕೇಟನ್ನು ಬೀಗಿತ್ತಿಯ ಕೈಗೆ ಕೊಟ್ಟರು.

ಆಕೆ ‘ಪತ್ತೆಯಾಗಿಲ್ಲ’ ಎಂಬುದನ್ನು ಎರಡು ಸಲ ಓದಿಕೊಂಡರು. ಆಮೇಲೆ ನಿಧಾನಕ್ಕೆ ಗಂಡನ ಕಡೆ ತಿರುಗಿದರು.

“ಅಂಗಾದ್ರೆ ಮೂವತ್ತು ವರ್ಷದಿಂದ ನಿಮ್ಗೆ ನಗೋಕೆ ಬರ್ತಿತ್ತೇನ್ರೀ?”