ದೂರ ಕೂಡ್ರಿ

ಹೇಸಿಗೆ ಶುರುವಾಗಿದ್ದು ಆಸ್ಪತ್ರೆಯ ಗೌನಿನಿಂದ. ಹಸಿರು ಬಣ್ಣದ್ದು, ಹಿಂದೆ ಕಟ್ಟುವ ಲಾಡಿಗಳಲ್ಲಿ ಒಂದು ಕಿತ್ತುಹೋಗಿತ್ತು. ಒಗೆದಿದ್ದರು, ಇಲ್ಲವೆನ್ನುವುದಿಲ್ಲ. ಆದರೆ ಕಂಕುಳ ಹತ್ತಿರ ಯಾರದೋ ಬೆವರು ಫಿನಾಯಿಲಿನ ಜೊತೆ ಸೇರಿಕೊಂಡು ಇನ್ನೂ ಅಲ್ಲೇ ಇತ್ತು. ಹರಿಹರದ ಕಾಳುಕಡಿ ವ್ಯಾಪಾರದ ಮನೆಯ ಸೊಸೆ, ಅರವತ್ತು ದಾಟಿದವಳು, ದಾವಣಗೆರೆಯ ಒಂದು ಆಸ್ಪತ್ರೆಯ ಪರದೆಯ ಹಿಂದೆ ಅರ್ಧ ಬೆನ್ನು ಬಿಟ್ಟುಕೊಂಡು ನಿಂತಿದ್ದೆ.

ಮಹಡಿ ಹತ್ತಿದರೆ ಎದೆ ಹಿಡಿದಂತಾಗುತ್ತಿತ್ತು. ಇಸಿಜಿ ಸರಿ ಬರಲಿಲ್ಲ. ಮೊಣಕಾಲು ನೋವಿನವಳನ್ನು ಟ್ರೆಡ್‌ಮಿಲ್ ಮೇಲೆ ಓಡಿಸುವಂತಿಲ್ಲ. ಹಾಗಾಗಿ ಡಾಕ್ಟರು ನ್ಯೂಕ್ಲಿಯರ್ ಸ್ಕ್ಯಾನ್ ಬರೆದರು. ನರಕ್ಕೆ ವಿಕಿರಣದ ಮದ್ದು ಬಿಟ್ಟರೆ ಅದು ಹೃದಯದ ಯಾವ ಭಾಗಕ್ಕೆ ರಕ್ತ ಹೋಗುತ್ತಿದೆ, ಯಾವುದಕ್ಕೆ ಹೋಗುತ್ತಿಲ್ಲ ಎಂದು ತೋರಿಸುತ್ತದಂತೆ. ಸ್ಕ್ಯಾನ್ ಸೋಮವಾರ. ಬುಧವಾರ ನಮ್ಮ ಮನೆಯಲ್ಲಿ ಮಗಳ ಕುಬುಸ. ಮಗಳಿಗೆ ಏಳು ತಿಂಗಳ ಬಸಿರು. ಹಿಂದಿನ ಸಲದ್ದು ಕುಬುಸದವರೆಗೂ ನಿಂತಿರಲಿಲ್ಲ. ಈ ಸಲ ಅವಳ ಸೆರಗಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿ ನನ್ನ ಕೈಯಾರೆ ಉಡಿ ತುಂಬಬೇಕು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಆಪರೇಷನ್ನಿನ ಮಾತು ಆಮೇಲೆ.

ಹಿಂದಿನ ದಿನದಿಂದ ಚಾ, ಕಾಫಿ ಬಂದ್. ಚಾ ಕುಡಿದಿದ್ದರೆ ಹೃದಯವನ್ನು ಓಡಿಸುವ ಔಷಧಿ ಕೆಲಸ ಮಾಡುವುದಿಲ್ಲವಂತೆ. ನಮ್ಮ ಮನೆಯಲ್ಲಿ ಒಲೆಯ ಮೇಲಿನ ಚಾದ ಪಾತ್ರೆ ಆರುವುದೇ ಇಲ್ಲ. ತಲೆ ಸಿಡಿಯುತ್ತಿತ್ತು, ಬಾಯಿ ಕಹಿಯಾಗಿತ್ತು, ಹೊಟ್ಟೆ ಖಾಲಿ. ಆ ಸ್ಥಿತಿಯಲ್ಲಿ ಹೋಗಿ ಕೈಗೆ ಸೂಜಿ ಚುಚ್ಚಿಸಿಕೊಂಡೆ.

ಮಾಸ್ಕ್ ಹಾಕಿದ್ದ ಟೆಕ್ನಿಶಿಯನ್ ಹುಡುಗಿ ಎದೆಯ ಮೇಲೆ ಲೋಹದ್ದೇನೂ ಇರಬಾರದು, ಫೋಟೋ ಸರಿ ಬರುವುದಿಲ್ಲ ಎಂದಳು. ತಾಳಿ ತೆಗೆದು ಯಜಮಾನರ ಜೇಬಿಗೆ ಹಾಕಿದೆ. ಕರಡಿಗೆ ತೆಗೆಯಲು ಮನಸ್ಸು ಬರಲಿಲ್ಲ. ಲಿಂಗವಿರುವ ಬೆಳ್ಳಿಯ ಕರಡಿಗೆ ಅದು, ಸ್ನಾನಕ್ಕೂ ಬಿಚ್ಚಿದವಳಲ್ಲ ನಾನು. ಹುಡುಗಿ ಸ್ವಲ್ಪ ಹೊತ್ತು ನೋಡಿದಳು. ಹೇಗೂ ಕೈ ತಲೆಯ ಮೇಲೆ ಚಾಚಿ ಮಲಗಬೇಕು, ಮುಷ್ಟಿಯಲ್ಲಿ ಹಿಡ್ಕೊಂಡಿರ್ರಿ ಎಂದಳು. ಆ ಇಡೀ ದಿನ ಯಾರಾದರೂ ನನ್ನನ್ನು ಮನುಷ್ಯಳೆಂದು ನೋಡಿದ್ದಿದ್ದರೆ ಅದು ಆಗ.

ನರದೊಳಗೆ ಔಷಧಿ ಹೋದಾಗ ಮುಖ ಕಾದಿತು, ಎದೆಯ ಮೇಲೆ ಅಕ್ಕಿ ಮೂಟೆ ಇಟ್ಟ ಹಾಗಾಯಿತು, ಸತ್ತೇ ಅಂದುಕೊಂಡೆ. ಗಾಬರಿ ಬೀಳಬ್ಯಾಡ್ರಿ, ಈಗ ಹೋಗ್ತೈತೆ ಎಂದಳು ಹುಡುಗಿ. ಹೋಯಿತು ಕೂಡ. ಆದರೆ ಬಾಯಲ್ಲಿ ಹಳೇ ಬೀಗದ ಕೈ ನೆಕ್ಕಿದಂಥ ರುಚಿ ಉಳಿಯಿತು. ಅದರ ಮೇಲೆ ಜಿಡ್ಡಿನದು ಏನಾದರೂ ತಿನ್ನಬೇಕಂತೆ. ವಿಕಿರಣದ ಮದ್ದು ಲಿವರಿನಿಂದ ಇಳಿದರೆ ಹೃದಯ ಚೆನ್ನಾಗಿ ಕಾಣುತ್ತದಂತೆ. ಯಜಮಾನರಿಗೆ ಅಷ್ಟು ಸಾಕಾಯಿತು. ಓಡಿಹೋಗಿ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬಂದರು. ಬಿಚ್ಚುವ ಹೊತ್ತಿಗೆ ಬೆಣ್ಣೆ ಹೆಪ್ಪುಗಟ್ಟಿ ಕಾಗದಕ್ಕೆ ಮೆತ್ತಿಕೊಂಡಿತ್ತು, ಚಟ್ನಿ ಪಕ್ಕದ ಪಲ್ಯದೊಳಗೆ ಹರಿದಿತ್ತು. ದಾವಣಗೆರೆಯಲ್ಲಿ ಕೂತು ಬೆಣ್ಣೆ ದೋಸೆ ನೋಡಿ ವಾಕರಿಸಿದವಳು ನಾನೊಬ್ಬಳೇ ಇರಬೇಕು. ಕಣ್ಣು ಮುಚ್ಚಿ ನುಂಗಿದೆ. ಅವರು ತಮ್ಮ ಪಾಲಿನದನ್ನು ಬೆರಳು ನೆಕ್ಕಿಕೊಂಡು ತಿಂದರು.

ಇಂಜೆಕ್ಷನ್ ಆದವರಿಗೆ ಬೇರೆ ಪಾಯಿಖಾನೆ. ಎರಡು ಸಲ ಫ್ಲಶ್ ಮಾಡಿ ಎಂದು ದೊಡ್ಡದಾಗಿ ಬರೆದಿದ್ದರು. ನನಗಿಂತ ಮೊದಲು ಹೋದ ಪುಣ್ಯಾತ್ಮರು ಒಂದು ಸಲವೂ ಮಾಡಿರಲಿಲ್ಲ. ಮೂಗು ಮುಚ್ಚಿಕೊಂಡು ಆಚೆ ಬಂದೆ. ಇಷ್ಟೆಲ್ಲದರ ನಡುವೆ ಕ್ಯಾಮೆರಾದ ಕೆಳಗೆ ಮಲಗಿದ್ದಷ್ಟೇ ನೆಮ್ಮದಿ. ದೊಡ್ಡ ಬಿಳಿ ಡಬ್ಬಿ ಎದೆಯ ಹತ್ತಿರಕ್ಕೆ ಬಂದು ಮೆಲ್ಲಗೆ ಸುತ್ತುತ್ತದೆ. ನೋವಿಲ್ಲ, ಸದ್ದೂ ಅಷ್ಟಿಲ್ಲ. ಅಲುಗಾಡದೆ ಮಲಗಬೇಕು, ಅಷ್ಟೇ. ಮುಷ್ಟಿಯಲ್ಲಿ ಕರಡಿಗೆ ಬೆಚ್ಚಗಿತ್ತು.

ಹೊರಡುವಾಗ ಆ ಹುಡುಗಿ ಇಬ್ಬರಿಗೂ ಕೇಳುವಂತೆ ಹೇಳಿದಳು. ಚೆನ್ನಾಗಿ ನೀರು ಕುಡೀರಿ. ಮನೆಯಲ್ಲಿ ಬಸುರಿ, ಸಣ್ಣ ಮಕ್ಕಳು ಇದ್ರೆ ಇವತ್ತೊಂದು ದಿನ ದೂರ ಕೂಡ್ರಿ. ನಾಳೆಯಿಂದ ಏನೂ ಇಲ್ಲ.

ಯಜಮಾನರು ಆಸ್ಪತ್ರೆಯ ಬಾಗಿಲಲ್ಲೇ ತಮ್ಮ ತಾಯಿಗೆ ಫೋನ್ ಹಚ್ಚಿದರು. ಮಾತನ್ನು ಪೂರ್ತಿ ಮಾಡುವ ಅಭ್ಯಾಸ ಅವರಿಗೆ ಮೊದಲಿಂದಲೂ ಇಲ್ಲ. "ಎಲ್ಲ ಆತು ಅವ್ವ. ದೂರ ಕೂಡ್ರಬೇಕಂತೆ," ಅಂದು ಇಟ್ಟುಬಿಟ್ಟರು.

ದೂರ ಕೂಡುವುದು ಎಂದರೆ ನಮ್ಮ ಕಡೆ ಹೆಂಗಸರಿಗೆ ಒಂದೇ ಅರ್ಥ. ನನಗೆ ಅದು ನಿಂತು ಎಷ್ಟೋ ವರ್ಷವಾಗಿತ್ತು. ಮನೆಗೆ ಬಂದು ನೋಡಿದರೆ ಹಿತ್ತಲ ಕೋಣೆಯಲ್ಲಿ ಚಾಪೆ, ಒಂದು ದಿಂಬು, ಗೋಡೆಗೆ ಒರಗಿಸಿದ ಒಂದು ಸ್ಟೀಲಿನ ತಾಟು, ಲೋಟ. ಮದುವೆಯಾಗಿ ಬಂದ ಹೊಸದರಲ್ಲಿ ತಿಂಗಳು ತಿಂಗಳು ಕೂತಿದ್ದ ಅದೇ ಮೂಲೆ. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಓಣಿಯ ಹೆಂಗಸರಿಗೆ ಬುದ್ಧಿ ಹೇಳುವವರು ನಮ್ಮ ಅತ್ತೆ.

ಆ ದಿನ ಅಲ್ಲೇ ಕೂತೆ. ಮೈಯೊಳಗೆ ಏನೋ ಮದ್ದು ಇದೆ, ಮಗುವಿಗೆ ತಾಗಬಾರದು, ನ್ಯಾಯವೇ. ಮಗಳು ನಡುಮನೆಯಿಂದಲೇ ಹೆಂಗಿದ್ದಿ ಅಮ್ಮ ಎಂದು ಕೇಳಿದಳು. ನಾನು ಇಲ್ಲಿಂದಲೇ ಅರಾಮ ಎಂದೆ. ಮರುದಿನ ಎದ್ದು ಸ್ನಾನ ಮಾಡಿ ಅಡುಗೆಮನೆಗೆ ಹೊರಟರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಮೂರು ದಿನ ಕೂಡು. ನಾಕನೇ ದಿನ ನೀರು ಹಾಕ್ಕೊಂಡು ಒಳಗ ಬಾ. ನಾಳೆ ಕೊಕ್ಕನೂರಿಂದ ನಿನ್ನ ನೆಗೆಣ್ಣಿ ಬರ್ತಾಳೆ, ಉಡಿ ಆಕಿ ತುಂಬ್ತಾಳೆ."

ಒಂದೇ ದಿನ ಎಂದಿದ್ದಾರೆ ಎಂದೆ. ಕೇಳಲಿಲ್ಲ. ಮಗಳು ಆಸ್ಪತ್ರೆಗೇ ಫೋನ್ ಮಾಡಿ, ಇವತ್ತಿನಿಂದ ಮುಟ್ಟಬಹುದು ಎಂದು ಎಲ್ಲರಿಗೂ ಕೇಳುವ ಹಾಗೆ ಸ್ಪೀಕರಿನಲ್ಲಿ ಹೇಳಿಸಿದಳು. ಅವರಿಗೇನು ಗೊತ್ತೈತೆ ನಮ್ಮ ಮನಿ ಪದ್ಧತಿ ಎಂದರು ಅತ್ತೆ. ಆಗ ನನಗೆ ಗೊತ್ತಾಯಿತು, ಇವರ ತಲೆಯಲ್ಲಿ ಮದ್ದಿನ ಭಯ ಅಷ್ಟೇನೂ ಇಲ್ಲ. ಹೆಣ್ಣನ್ನು ಮೂಲೆಗೆ ಕೂಡ್ರಿಸುವ ಒಂದು ಮಾತು ಎಷ್ಟೋ ವರ್ಷದ ಮೇಲೆ ಕೈಗೆ ಸಿಕ್ಕಿದೆ, ಬಿಡಲು ಮನಸ್ಸಿಲ್ಲ.

ಮಧ್ಯಾಹ್ನ ಯಜಮಾನರು ರಿಪೋರ್ಟ್ ತಂದರು. ಹೊಸ್ತಿಲಾಚೆ ನಿಂತು ಓದಿದರು. ಒಂದು ಕಡೆ ರಕ್ತ ಸ್ವಲ್ಪ ಕಡಿಮೆ ಹೋಗುತ್ತಿದೆ, ಸದ್ಯಕ್ಕೆ ಮಾತ್ರೆ ಸಾಕು, ಆಪರೇಷನ್ ಬೇಕಿಲ್ಲ. ಅವರ ಬೆನ್ನ ಹಿಂದಿನಿಂದ ಅತ್ತೆ ಕೇಳಿದ್ದು ಒಂದೇ, ವಿಷ ಇಳೀತಂತೇನು ಎಂದು. ಆಮೇಲೆ ಯಜಮಾನರು ಊಟ ತಂದು ತಾಟಿಗೆ ಮೇಲಿನಿಂದ ಬಡಿಸಿ, ಬೆರಳ ತುದಿಯಿಂದ ನನ್ನ ಕಡೆಗೆ ನೂಕಿದರು. ನಾಯಿಗೆ ನೂಕುವ ಹಾಗೆ. ಇನ್ನೊಂದು ದಿನ ಅಲ್ವಾ, ಸುಮ್ನಿರು ಎಂದರು. ಹಿಂದಿನ ದಿನ ಆಸ್ಪತ್ರೆಯಲ್ಲಿ ಪಕ್ಕದಲ್ಲೇ ಕೂತು ದೋಸೆ ತಿಂದ ಮನುಷ್ಯ. ಆ ಪಾಯಿಖಾನೆ ಕೂಡ ನನಗೆ ಇಷ್ಟು ಅಸಹ್ಯ ಹುಟ್ಟಿಸಿರಲಿಲ್ಲ.

ಬುಧವಾರ ಮನೆ ತುಂಬ ಹೆಂಗಸರು. ಬಳೆ ಸದ್ದು, ಹೋಳಿಗೆ ವಾಸನೆ ಹಿತ್ತಲ ಕೋಣೆಯವರೆಗೂ ಬರುತ್ತಿತ್ತು. ನೆಗೆಣ್ಣಿ ಉಡಿಯಕ್ಕಿಯ ಮೊರ ಎತ್ತಿಕೊಂಡಳೆಂದು ಕಾಣುತ್ತದೆ. ಒಮ್ಮೆಲೇ ಮಗಳ ದನಿ ಕೇಳಿತು.

"ನಮ್ಮಮ್ಮ ಬರ್ಲಿ. ಆಮೇಲೆ ಕೂಡ್ತೀನಿ."

ನಾನು ಎದ್ದೆ. ಗೋಡೆಗೆ ಒರಗಿದ್ದ ತಾಟನ್ನೂ ಎತ್ತಿಕೊಂಡೆ. ಹಿತ್ತಲ ನಲ್ಲಿಯಲ್ಲಿ ತೊಳೆದು, ಅಡುಗೆಮನೆಯಲ್ಲಿ ಬಂದವರ ಊಟಕ್ಕೆ ಜೋಡಿಸಿಟ್ಟಿದ್ದ ತಾಟುಗಳ ನಡುವೆ ಸೇರಿಸಿ ನಡುಮನೆಗೆ ಹೋದೆ. ನೆಗೆಣ್ಣಿ ಪಾಪ, ತಾನಾಗಿಯೇ ಮೊರ ನನ್ನ ಕೈಗೆ ಕೊಟ್ಟಳು. ಮಗಳ ಸೆರಗಿಗೆ ಅಕ್ಕಿ ಸುರಿದೆ, ಕೊಬ್ಬರಿ ಬಟ್ಟಲು ಇಟ್ಟೆ, ಉತ್ತತ್ತಿ ಹಾಕಿದೆ. ಅತ್ತೆ ತಂಬಿಗೆ ನೀರಿಗೆ ವಿಭೂತಿ ಕದಡಿಕೊಂಡು ಆ ಉಡಿಯ ಮೇಲೆ ಚಿಮುಕಿಸಲು ಮುಂದೆ ಬಂದರು. ಮಗಳು ಅಷ್ಟರಲ್ಲಿ ಒಂದು ಉತ್ತತ್ತಿ ತೆಗೆದು ಬಾಯಿಗೆ ಹಾಕಿಕೊಂಡಳು. ಅಜ್ಜಿಯ ಮುಖವನ್ನೇ ನೋಡುತ್ತಾ ಅಗಿದಳು.

ಊಟಕ್ಕೆ ಕೂತಾಗ ಅತ್ತೆ ಅಡುಗೆಮನೆಯಲ್ಲಿದ್ದವರನ್ನು ಕರೆದು ಹಿತ್ತಲ ತಾಟು ಎಲ್ಲಿ ಎಂದು ವಿಚಾರಿಸಿದರು. ಎಲ್ಲವೂ ಒಂದೇ ನಮೂನೆ, ಒಂದೇ ಮದುವೆಯಲ್ಲಿ ಬಂದವು. ಯಾರಿಗೂ ಗೊತ್ತಿರಲಿಲ್ಲ, ಬಡಿಸುವ ಹೊತ್ತಿಗೆ ನನಗೂ ಗೊತ್ತಿರಲಿಲ್ಲ. ಅವರು ತಮ್ಮ ಮುಂದಿನ ತಾಟನ್ನು ಎತ್ತಿ ತಿರುಗಿಸಿ, ತಳ ನೋಡಿ, ಅಂಚು ನೋಡಿ ಕೆಳಗಿಟ್ಟರು. ಸುತ್ತಲೂ ಹೆಂಗಸರು ಆಗಲೇ ಉಣ್ಣುತ್ತಿದ್ದರು. ನಾನು ಬಗ್ಗಿ, ಅವರ ತಾಟಿಗೆ ಹೋಳಿಗೆ ಹಾಕಿ ಮೇಲೆ ತುಪ್ಪ ಸುರಿದೆ.

"ಉಣ್ರಿ ಅತ್ತಿ," ಎಂದೆ.