ಕೆರೆಯೊಳಗಿನ ಮಾಕಳಿ ಬೇರು

ಗೆಳೆಯರೇ, ಇವತ್ತು ಕಲ್ಯದ ಆಚೆಯ ಗುಡ್ಡದಲ್ಲಿ ಜೆಸಿಬಿಗೆ ಅಡ್ಡ ನಿಂತು ಸೋತು ಬಂದೆ. ಅಲ್ಲಿ ಕಾರ್ಖಾನೆ ಬರುತ್ತಿದೆ. ನಾವು ಉಪ್ಪಿನಕಾಯಿ ಹಾಕುವ ಮಾಕಳಿ ಬೇರಿನ ಬಳ್ಳಿ ಈ ಬಂಡೆ ಸಂದುಗಳಲ್ಲಿದೆ, ಅಳಿವಿನಂಚಿನ ಗಿಡ ಅದು, ಎಂದೆ. ಕಂಪನಿಯ ಪರಿಸರ ಅಧಿಕಾರಿ ಕಾರಿನ ಬಾನೆಟ್ ಮೇಲೆ ಲ್ಯಾಪ್‌ಟಾಪ್ ತೆರೆದು, ಸಸ್ಯಶಾಸ್ತ್ರದ ಆನ್‌ಲೈನ್ ಡೇಟಾಬೇಸ್ ತೋರಿಸಿದರು. ಅದರಲ್ಲಿದ್ದದ್ದು ಈ ಗುಡ್ಡದ ಮಾಕಳಿ ಬಗ್ಗೆ ನಾನೇ ಸೇರಿಸಿದ್ದ ದಾಖಲೆ. ಆದರೆ ಗಿಡವಿರುವ ಜಾಗ ತೋರಿಸುವ ನಕ್ಷೆಯ ಚುಕ್ಕೆ ಮಾತ್ರ ದೂರದ ಕೆರೆಯೊಂದರ ನಡುವೆ ಕೂತಿತ್ತು.

"ನಿಮ್ಮ ಗಿಡ ಕೆರೇಲಿದೆ ಮೇಡಂ. ನಮ್ಮ ಸೈಟಲ್ಲಿಲ್ಲ," ಎಂದರು.

ಬೇರು ಕದಿಯುವವರಿಗೆ ಜಾಗ ತಿಳಿಯಬಾರದೆಂದು ಅಪರೂಪದ ಗಿಡಗಳ ಚುಕ್ಕೆಯನ್ನು ಡೇಟಾಬೇಸಿನವರು ಬೇಕೆಂದೇ ದೂರ ಸರಿಸಿರುತ್ತಾರೆ ಎಂದು ವಿವರಿಸಿದೆ.

"ಹಾಗಂತ ಅವರ ಕೈಲಿ ಬರೆಸ್ಕೊಂಡು ಬನ್ನಿ."

"ಅಲ್ಲೀತನಕ ಕೆಲಸ ನಿಲ್ಲಿಸ್ತೀರಾ?"

ಅವರು ಶುರು ಮಾಡೆಂದು ಜೆಸಿಬಿ ಡ್ರೈವರಿಗೆ ಕೈ ಬೀಸಿದರು. ಮೊದಲ ಬಂಡೆ ಉರುಳಿದಾಗ ಅದರಡಿಯಿಂದ ಘಮ್ಮೆನ್ನುವ ಮಾಕಳಿ ಬೇರು ಕಿತ್ತು ಬಂತು. ಅಲ್ಲೇ ಆಡು ಮೇಯಿಸುತ್ತಿದ್ದ ನಿಂಗಮ್ಮ ಅದನ್ನು ಎತ್ತಿಕೊಂಡು ಹೋಗಿ ಅಧಿಕಾರಿಯ ಮೂಗಿಗೆ ಹಿಡಿದಳು.

"ಒಸಿ ಮೂಸ್ ನೋಡಿ ಸಾಮಿ. ಕೆರೆ ವಾಸ್ನೆ ಬತ್ತದಾ?"

ಅವರು ಕಾರು ಹತ್ತಿ ಗಾಜು ಏರಿಸಿಕೊಂಡು ಹೊರಟುಹೋದರು.

ಸಂಜೆ ನಾನು ಬಸ್ ಹತ್ತುವಾಗ ಗುಡ್ಡದ ಆ ಮಗ್ಗುಲಲ್ಲಿ ಬರೀ ಕೆಂಪು ಮಣ್ಣಿತ್ತು. ಮನೆಗೆ ಬಂದು ಡೇಟಾಬೇಸ್ ತೆರೆದೆ. ಚುಕ್ಕೆ ಇನ್ನೂ ಕೆರೆಯಲ್ಲೇ ಇದೆ. ಇನ್ನು ನಮ್ಮ ಗುಡ್ಡದ ಮಾಕಳಿಗೆ ಕಳ್ಳರ ಭಯವಿಲ್ಲ.